ತೊಟ್ಟಿಲಿಗೆ ಕಟ್ಟಿದ ಬಿಳಿ ಹಕ್ಕಿ

ಹೋದ ವಾರ ಊಟ ಮುಗಿಸಿ ಸ್ವಲ್ಪ ಅಡ್ಡಾಗಿದ್ದೆ. ರಸ್ತೆಯ ಕಡೆಯಿಂದ ‘ಟೊಂಯ್, ಟೊಂಯ್’ ಎಂದು ಸದ್ದು ಕೇಳಿಸಿತು. ಮೊಣಕಾಲು ನೋವನ್ನೂ ಮರೆತು ಕಿಟಕಿಗೆ ಓಡಿದೆ. ಹತ್ತಿ ಹಿಂಜುವವನೊಬ್ಬ ಉದ್ದನೆಯ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು, ಅದರ ತಂತಿಯನ್ನು ಬೆರಳಿನಿಂದ ಮೀಟುತ್ತ ಬಿಸಿಲಿನಲ್ಲಿ ಹೊರಟಿದ್ದ. ಯಾರೂ ಅವನನ್ನು ಕರೆಯಲಿಲ್ಲ. ಈಗ ಯಾರ ಮನೆಯಲ್ಲಿ ಹತ್ತಿಯ ಗಾದಿ ಇದೆ ಹೇಳಿ. ಅವನು ತಿರುವಿನಲ್ಲಿ ಮರೆಯಾದ ಮೇಲೂ ಆ ಸದ್ದು ನನ್ನ ಕಿವಿಯಲ್ಲಿ ಉಳಿಯಿತು, ಅದರ ಹಿಂದೆಯೇ ಹಿಂಜಿದ ಹೊಸ ಹತ್ತಿಯ ಬೆಚ್ಚನೆಯ ವಾಸನೆ ಬಂತು, ಬೇವಿನ ಹೂವಿನ ಕಹಿಗಂಪು ಬಂತು, ಕೊನೆಗೆ ಹುಬ್ಬಳ್ಳಿಯ ನಮ್ಮ ಓಣಿ ಇಡಿಯಾಗಿ ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕುಳಿತುಬಿಟ್ಟಿತು. ಆ ಸದ್ದನ್ನು ಕೇಳಿ ಬೆಳೆದವರಾದರೆ ನಿಮಗೂ ಹೀಗೆಯೇ ಆಗುತ್ತದೆ, ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮದು ಹತ್ತಿ ವ್ಯಾಪಾರದವರ ಓಣಿ. ಹದಿನೈದೋ ಹದಿನಾರೋ ಮನೆಗಳು, ಹೆಚ್ಚಿನವು ನಮ್ಮವರವೇ, ಅಂದರೆ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಜಗಲಿಯಲ್ಲಿ ಹತ್ತಿ ತುಂಬಿದ ಅಂಡಿಗೆ. ಓಣಿಯ ಕೊನೆಯಲ್ಲಿ ಮೂರು ಮುಸಲ್ಮಾನರ ಮನೆಗಳಿದ್ದವು. ಅದರಲ್ಲಿ ಒಂದು ಹುಸೇನಸಾಬ ಕಾಕಾ ಅವರದು. ಪಿಂಜಾರರು, ತಲೆತಲಾಂತರದಿಂದ ಹತ್ತಿ ಹಿಂಜುವ ಕೆಲಸ. ಮನೆಮನೆಯಲ್ಲಿ ಚರಕ ತಿರುಗತೊಡಗಿದ್ದ ಕಾಲವದು, ಹಾಗಾಗಿ ಅವರಿಗೆ ಕೈತುಂಬ ಕೆಲಸ. ಯುಗಾದಿಯ ಆಸುಪಾಸಿನಲ್ಲಿ ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ಬಿಲ್ಲು ತೂಗುಹಾಕಿ ಕುಳಿತರೆಂದರೆ, ಇಡೀ ಓಣಿಯ ಹಳೆಯ ಗಾದಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಅವರ ಹುಬ್ಬು, ಗಡ್ಡ, ಕಿವಿಯ ಕೂದಲು ಎಲ್ಲ ಹತ್ತಿಯ ಧೂಳಿನಿಂದ ಬೆಳ್ಳಗಾಗಿರುತ್ತಿದ್ದವು. ಅವರಿಗೆ ಎಷ್ಟು ವಯಸ್ಸೆಂದು ನಮಗೆ ಗೊತ್ತಾಗುತ್ತಿದ್ದುದು ಅವರು ಸ್ನಾನ ಮಾಡಿ ನಮಾಜಿಗೆ ಹೊರಟಾಗ ಮಾತ್ರ.

ಓಣಿಗೆ ಎರಡು ರೂಢಿಗಳಿದ್ದವು, ಎರಡೂ ಹಕ್ಕಿಗಳಿಗೆ ಸಂಬಂಧಪಟ್ಟವು. ಒಂದು, ಬೇಸಿಗೆ ಶುರುವಾದೊಡನೆ ಪ್ರತಿ ಮನೆಯವರೂ ಒಂದೊಂದು ಮಣ್ಣಿನ ಪರಿಯಾಣದಲ್ಲಿ ಹಕ್ಕಿಗಳಿಗೆ ನೀರಿಡಬೇಕು. ಅದನ್ನು ತುಂಬುವುದು, ತಿಕ್ಕಿ ತೊಳೆಯುವುದು, ಬೆಕ್ಕು ಬಾರದಂತೆ ಕಾಯುವುದು ಎಲ್ಲ ಮಕ್ಕಳ ಕೆಲಸ. ಸಂಜೆ ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಕಟ್ಟೆಯ ಮೇಲೆ ಕುಳಿತು, ‘ಇವತ್ತು ನಿನ್ನ ಪರಿಯಾಣಕ್ಕ ಯಾರ್‍ಯಾರು ಬಂದಿದ್ರು?’ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು, ಬೀಗರು ಬಂದುಹೋದುದನ್ನು ವಿಚಾರಿಸುವ ಹಾಗೆ. ಎರಡನೆಯದು, ಓಣಿಯಲ್ಲಿ ಕೂಸು ಹುಟ್ಟಿದರೆ ತೊಟ್ಟಿಲ ಮೇಲೆ ತೂಗುವ ಹಕ್ಕಿಗಳನ್ನು ಪೇಟೆಯಿಂದ ತರುವಂತಿರಲಿಲ್ಲ. ಮನೆಗೊಂದರಂತೆ ಓಣಿಯ ಮಕ್ಕಳೇ ಹತ್ತಿಯಲ್ಲಿ ಮಾಡಿ ಕೊಡಬೇಕು. ಒಬ್ಬರು ಮಾಡಿದ ಹಕ್ಕಿಯನ್ನು ಇನ್ನೊಬ್ಬರು ಮಾಡುವ ಹಾಗಿಲ್ಲ. ಆ ವರ್ಷ ಓಣಿಯ ನೀರು ಕುಡಿದ ಹಕ್ಕಿಯೇ ಆಗಿರಬೇಕು. ಅದನ್ನು ಕಡಿಮೆಯೆಂದರೆ ಇಬ್ಬರು ನೋಡಿರಬೇಕು. ‘ಕೂಸು ಕಣ್ಣ ಬಿಟ್ಟು ಮೊದಲಿಗೆ ನೋಡೋದು ಇವನ್ನ. ಅದರ ಕಣ್ಣಿಗೆ ಸುಳ್ಳು ತೋರಸಬಾರದು’ ಎನ್ನುತ್ತಿದ್ದಳು ಆಯಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಮ್ಮ ಓಣಿಯಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ಹಕ್ಕಿ ಮಾಡಿಸುವ ಗುರು ಹುಸೇನಸಾಬ ಕಾಕಾ. ಹಿಂಜುವಾಗ ಬಿಲ್ಲಿನಿಂದ ಹಾರಿಬಿದ್ದ ಹತ್ತಿಯನ್ನೆಲ್ಲ ನಮಗೆ ಕೊಡುತ್ತಿದ್ದರು. ಜೋಳದ ದಂಟಿನ ಬೆಂಡನ್ನು ಮೈಯ ಅಳತೆಗೆ ಕತ್ತರಿಸಿ, ಗಂಜಿಯಲ್ಲಿ ಅದ್ದಿದ ಹತ್ತಿಯನ್ನು ಅದಕ್ಕೆ ಸುತ್ತಿ, ದಾರ ಬಿಗಿದು, ನೆರಳಲ್ಲಿ ಒಣಗಿಸಬೇಕು. ಅರಿಸಿನ, ಕುಂಕುಮ, ಕಾಡಿಗೆ, ಬಟ್ಟೆಗೆ ಹಾಕುವ ನೀಲಿ, ಇಷ್ಟೇ ನಮ್ಮ ಬಣ್ಣಗಳು. ಕೊಕ್ಕಿಗೆ ಜಾಲಿಯ ಮುಳ್ಳು, ಕಾಲಿಗೆ ದಂಟಿನ ಸಿಬಿರು. ಕೇಳಲು ಸುಲಭ, ಆದರೆ ಕಾಕಾ ಅವರ ಎದುರು ಕುಳಿತು ಮಾಡಿ ನೋಡಬೇಕು! ‘ಗೊರವಂಕದ ಕಣ್ಣಿನ ಹಿಂದ ಹಳದಿ ಎಲ್ಲೀತನಕ ಬರತೈತಿ?’ ಎನ್ನುವರು. ಗೊತ್ತಿಲ್ಲವೆಂದರೆ ಬೈಯುತ್ತಿರಲಿಲ್ಲ. ‘ಹೋಗು, ಕೇಳಿಕೊಂಡು ಬಾ’ ಎನ್ನುವರು. ಯಾರನ್ನು ಕೇಳುವುದು? ಗೊರವಂಕವನ್ನೇ. ಹಿತ್ತಲ ಗೋಡೆಗೆ ಮೈ ಅಂಟಿಸಿ, ಉಸಿರು ಹಿಡಿದು, ಪರಿಯಾಣದ ಹತ್ತಿರ ಅದು ಬರುವವರೆಗೆ ಕಾಯುವುದು; ಬಂದರೆ ಕಣ್ಣಲ್ಲಿ ತುಂಬಿಕೊಂಡು ಬೇವಿನ ಮರದ ಕಡೆಗೆ ಓಡುವುದು. ತಪ್ಪಿದರೆ ಕಾಕಾ ನಗುನಗುತ್ತಲೇ ಎಲ್ಲವನ್ನೂ ಬಿಚ್ಚಿ ಮತ್ತೆ ಹತ್ತಿ ಮಾಡಿ ಕೈಗೆ ಕೊಡುತ್ತಿದ್ದರು. ಅವರ ಮಗಳು ಮಾಬೂಬಿ ನನ್ನ ಗೆಳತಿ, ನನ್ನದೇ ವಯಸ್ಸು. ಅವಳು ಮಾಡಿದ ಮರಕುಟಿಗವನ್ನು ಸ್ವಂತ ಅಪ್ಪನೇ ನಾಲ್ಕು ಸಲ ಬಿಚ್ಚಿದ್ದರು. ಹೀಗೆ ಪಿಕಳಾರದ ಬಾಲದ ಕೆಳಗಿನ ಕೆಂಪು, ಬೆಳವದ ಕೊರಳಿನ ಚುಕ್ಕೆ, ಕಾಜಾಣದ ಬಾಲದ ಕವಲು ಎಲ್ಲವೂ ನಮ್ಮ ಬೆರಳುಗಳಿಗೆ ಬಂದವು. ಸಾಲೆಯಲ್ಲಿ ಕಲಿತದ್ದು ಎಷ್ಟೋ ಮರೆತಿದೆ. ಇದು ಮಾತ್ರ ಇಂದಿಗೂ ಒಂದು ಚೂರೂ ಮರೆತಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ನನ್ನ ಅಕ್ಕ ನೀಲಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಮ್ಮ ಅವ್ವ ನಾನು ಎರಡು ವರ್ಷದವಳಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವಳ ಸೆರಗು ಹಿಡಿಯದೆ ನಾನು ಬಚ್ಚಲಿಗೂ ಹೋದವಳಲ್ಲ. ಅವಳ ಮದುವೆಯಾದಾಗ ಮೂರು ದಿನ ಊಟ ಬಿಟ್ಟಿದ್ದೆ. ಈಗ ಅವಳ ಸೊಂಟದ ಮೇಲೆ ಇನ್ನೊಬ್ಬರು ಬರುತ್ತಾರೆ ಎಂಬ ವಿಷಯ ನನಗೆ ಅಷ್ಟೇನೂ ಹಿಡಿಸಿರಲಿಲ್ಲ. ಅದನ್ನು ಅವಳು ಹೇಗೆ ಕಂಡುಕೊಂಡಳೋ! ಒಂದು ದಿನ ನನಗೆ ಹೆರಳು ಹಾಕುತ್ತ, ‘ಗಿರಜಾ, ತೊಟ್ಟಿಲ ನಟ್ಟನಡುವ ನಿನ್ನ ಹಕ್ಕಿನ ಕಟ್ಟಸ್ತೇನಿ. ಕೂಸು ಎಚ್ಚರಾದ ಕೂಡಲೇ ನಿನ್ನ ನೋಡಬೇಕು’ ಅಂದಳು. ಅಂದಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಅಕ್ಕನ ಮಡಿಲಿನಲ್ಲಿ ನನ್ನ ಜಾಗ ಹೋದರೂ ತೊಟ್ಟಿಲಿನಲ್ಲಿ ಒಂದು ಜಾಗ ಸಿಗುತ್ತದೆ, ಆ ಜಾಗ ನನಗೆ ಬೇಕೇ ಬೇಕಿತ್ತು.

ನಡುವಿನ ಜಾಗಕ್ಕೆ ಎಂಥೆಂಥದೋ ಹಕ್ಕಿ ಸಾಲದು ಎಂದು ನಾನು ಜಂಬ ಮಾಡಿದೆ. ಗುಬ್ಬಿಯನ್ನು ಬಿಟ್ಟೆ, ಗಿಣಿಯನ್ನು ಬಿಟ್ಟೆ. ಅಷ್ಟರಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಹಕ್ಕಿಯನ್ನು ಹಿಡಿದುಬಿಟ್ಟರು. ಆಗ ನನ್ನ ಕಣ್ಣಿಗೆ ಬಿದ್ದದ್ದು ಹುಣಸೆಯ ಮರದ ತುದಿಯಲ್ಲಿ ಕುಳಿತ ಬೆಳ್ಳಕ್ಕಿ. ಕೆರೆಯ ಹಕ್ಕಿ ಓಣಿಗೇ ಬಂದಿದೆ! ‘ಬೆಳ್ಳಕ್ಕಿ ಬಂದೈತಿ, ಲಗೂ ಬರ್‍ರಿ’ ಎಂದು ಕೂಗುತ್ತ ಓಣಿಯ ಈ ತುದಿಯಿಂದ ಆ ತುದಿಗೆ ಓಡಿದೆ. ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಕೈಯಲ್ಲೇ ಬಂದರು. ಆಯಿ ಕೈಮುಗಿದೂಬಿಟ್ಟಳು. ಅಷ್ಟರಲ್ಲಿ ಗಾಳಿ ಬೀಸಿತು, ಬೆಳ್ಳಕ್ಕಿ ಎರಡು ತುಂಡಾಗಿ, ಒಂದು ತುಂಡು ಕೆಳಗಿನ ಕೊಂಬೆಗೆ ಬಂದು ಸಿಕ್ಕಿಕೊಂಡಿತು. ಹತ್ತಿ ಗಿರಣಿಯಿಂದ ಹಾರಿಬಂದ ಅರಳೆ! ಆ ದಿನಗಳಲ್ಲಿ ಗಿರಣಿಯ ಅರಳೆ ಹಾರಿ ಊರಿನ ಮರಗಳಿಗೆಲ್ಲ ಮುದಿತನ ಬಂದ ಹಾಗೆ ಕಾಣುತ್ತಿತ್ತು, ಹತ್ತಿಯವರ ಮನೆಯ ಹುಡುಗಿಗೆ ಅಷ್ಟೂ ತಿಳಿಯಬಾರದೇ? ಓಣಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ನನ್ನ ಹೆಸರು ‘ಅರಳಿ ಗಿರಜಿ’ ಎಂದಾಯಿತು. ಮಾಬೂಬಿಯೂ ಹಾಗೇ ಕರೆದಳು, ಅವಳೊಂದಿಗೆ ಎರಡು ದಿನ ಮಾತು ಬಿಟ್ಟೆ.

ಅಕ್ಕನಿಗೆ ಹೆಣ್ಣು ಕೂಸಾಯಿತು. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಯಾರ ಮೇಲೋ ಸಿಟ್ಟಾದ ಹಾಗಿತ್ತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು. ಒಂಬತ್ತು ದಿನ ಕಳೆದರೂ ನನ್ನ ಹಕ್ಕಿ ಇಲ್ಲ. ಉಳಿದದ್ದು ಕಾಗೆ ಒಂದೇ, ತೊಟ್ಟಿಲಿಗೆ ಯಾರಾದರೂ ಕಾಗೆಯನ್ನು ಕಟ್ಟುತ್ತಾರೆಯೇ? ಆ ದಿನ ಮಧ್ಯಾಹ್ನ ಬಾಣಂತಿಯ ಕೋಣೆಗೆ ಕೆಂಡ ಒಯ್ಯಲು ಹಿತ್ತಲಿಗೆ ಹೋದೆ. ಕಾಕಾ ಊಟಕ್ಕೆ ಹೋಗಿದ್ದರು, ಬಿಲ್ಲು ಸುಮ್ಮನಿತ್ತು. ಎಮ್ಮೆ ನೀರು ಕುಡಿಯುವ ಕಲ್ಲಿನ ಡೋಣಿಯ ಮೇಲೆ ಬೇವಿನ ಕೊಂಬೆ ಬಾಗಿತ್ತು, ಅದರಿಂದ ಏನೋ ಬೆಳ್ಳಗೆ ಇಳಿಬಿದ್ದಿತ್ತು. ಅರಳೆ ಎಂದುಕೊಂಡು ತಿರುಗುವುದರಲ್ಲಿದ್ದೆ. ಆ ಅರಳೆ ಹಾರಿತು. ಡೋಣಿಯ ನೀರಿಗೆ ಎದೆ ತಾಗಿಸಿ, ಹನಿ ಚಿಮ್ಮಿಸಿ, ಮತ್ತೆ ಕೊಂಬೆಗೆ ಹೋಗಿ ಕುಳಿತಿತು. ಪಿಕಳಾರದಷ್ಟು ಮೈ, ಹಾಲಿನ ಬಿಳುಪು. ತಲೆ ಮಾತ್ರ ಮಿರಿಮಿರಿ ಕಪ್ಪು, ಮೇಲೊಂದು ಜುಟ್ಟು. ಕಣ್ಣಿನ ಸುತ್ತ ನೀಲಿಯ ಬಳೆ. ಬಾಲ ಬಾಲವಲ್ಲ, ಎರಡು ಬಿಳಿಯ ರಿಬ್ಬನ್ನು, ಅದರ ಮೈಗಿಂತ ಎಷ್ಟೋ ಉದ್ದ, ಅದು ಹಾರಿದ ಮೇಲೆ ತಡವಾಗಿ ಅದರ ಹಿಂದೆ ಹೋಗುತ್ತಿದ್ದವು. ಮೂರು ಸಲ ಮುಳುಗು ಹಾಕಿತು. ನನ್ನ ಕೈಯಲ್ಲಿ ಕೆಂಡದ ಸೆಗಣಿ ಕುಳ್ಳು ಇತ್ತೆಂಬುದು ನೆನಪಾದದ್ದು ಬೆರಳು ಸುಟ್ಟಾಗ. ಅಯ್ಯೋ ಎಂದೆ, ಅದು ಒಡಕು ದನಿಯಲ್ಲೊಮ್ಮೆ ಕಿರುಚಿ ಗೋಡೆಯಾಚೆ ಹೋಯಿತು. ನನಗಾದ ಸಂತೋಷಕ್ಕೆ ಅಲ್ಲೇ ನಿಂತು ಅತ್ತುಬಿಟ್ಟೆ.

ಯಾರು ನಂಬುತ್ತಾರೆ? ‘ಈ ಸಲದ ಅರಳಿಗೆ ಜುಟ್ಟೂ ಬಂತೇನು?’ ಎಂದು ಮನೆಮಂದಿ ನಕ್ಕರು. ಮಾಬೂಬಿ ಪಾಪ, ನನಗಾಗಿ ಒಂದು ದಿನ ಪೂರ್ತಿ ಡೋಣಿಯ ಪಕ್ಕದಲ್ಲಿ ಕುಳಿತಳು. ಎಮ್ಮೆಯ ಹೊರತು ಯಾರೂ ಬರಲಿಲ್ಲ. ಆಯಿ ನಗಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ನನ್ನನ್ನು ಹತ್ತಿರ ಕರೆದು, ‘ನೀ ಸುಳ್ಳ ಹೇಳಾಕತ್ತಿ ಅಂತ ನಾ ಅನ್ನೂದಿಲ್ಲ ನನ್ನವ್ವ. ಆದರ ಇನ್ನೊಬ್ಬರು ನೋಡಿಲ್ಲಲ್ಲ. ನಿನ್ನ ಸಲುವಾಗಿ ಓಣಿಯ ರೂಢಿ ಮುರಿಯಾಕ ಬರತೈತೇನು?’ ಎಂದಳು. ಅಕ್ಕ ಕೋಣೆಯೊಳಗಿಂದ ಏನೋ ಹೇಳಿದಳು, ಆದರೆ ಆಯಿಯ ಮಾತಿಗೆ ಎದುರಿಲ್ಲ.

ಹನ್ನೆರಡನೆಯ ದಿನ ಬೇವಿನ ಮರದ ಕೆಳಗೆ ಮುಖ ಮುಚ್ಚಿ ಕುಳಿತಿದ್ದೆ. ಕಾಕಾ ಬಿಲ್ಲು ನಿಲ್ಲಿಸಿದರು. ಒಂದು ಹಿಡಿ ಹತ್ತಿಯನ್ನು ನನ್ನ ಮುಂದಿಟ್ಟು, ‘ಮಾಡು, ನೋಡೂಣು’ ಎಂದರು. ಮಾಡಿದೆ. ಅವರು ಎಂದಿನಂತೆ ಒಂದೊಂದೇ ಕೇಳುತ್ತ ಹೋದರು. ಜುಟ್ಟು ನೆಟ್ಟಗೋ, ಹಿಂದಕ್ಕೋ? ಕಪ್ಪು ಕೊರಳಿಗೆ ನಿಂತಿತೋ, ಎದೆಗೆ ಇಳಿದಿತ್ತೋ? ರೆಕ್ಕೆ ಪೂರಾ ಬಿಳಿಯೋ? ಕಾಡಿಗೆಯಿಂದ ತಲೆಗೆ ಬಳಿದೆ, ರೆಕ್ಕೆಗೆ ಸಣ್ಣ ಕಪ್ಪು ಗೆರೆ ಎಳೆದೆ, ನೀಲಿಯನ್ನು ಕಡ್ಡಿಗೆ ಹಚ್ಚಿ ಕಣ್ಣಿಗೆ ಬಳೆ ಬರೆದೆ, ಉದ್ದನೆಯ ಎಳೆ ಎರಡು ಹೊಸೆದು ಬಾಲಕ್ಕೆ ಕಟ್ಟಿದೆ. ಕೊನೆಗೆ ಕೇಳಿದರು, ‘ಕಾಲು ಯಾವ ಬಣ್ಣ?’ ನಾನು ಬಹಳ ಹೊತ್ತು ಯೋಚಿಸಿದೆ. ಏನಾದರೂ ಹೇಳಿಬಿಡಬಹುದಿತ್ತು. ‘ಕಾಲು ನೋಡಲಿಲ್ಲ ಕಾಕಾ. ಬಾಲಾನ ನೋಡಕೋತ ನಿಂತೆ’ ಎಂದೆ. ಇನ್ನು ಬಿಚ್ಚುತ್ತಾರೆ ಎಂದುಕೊಂಡು ಕಣ್ಣು ಮುಚ್ಚಿದೆ. ಅವರು ಹಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡು ಎದ್ದರು, ನೆಟ್ಟಗೆ ಕಟ್ಟೆಗೆ ಹೋದರು, ಆಯಿಯ ಮುಂದೆ ನಿಂತರು.

‘ಆಯಿ, ಈ ಹಕ್ಕಿ ನಾನೂ ನೋಡೇನ್ರಿ.’

ಆಯಿ ಅವರ ಮುಖವನ್ನೇ ನೋಡಿದಳು. ‘ಹುಸೇನಸಾಬ, ನಮ್ಮ ಹಿತ್ತಲಾಗ?’

‘ಹೌದ್ರಿ, ನಿಮ್ಮ ಡೋಣಿಯಾಗ. ಖರೇನ ಐತ್ರಿ.’

ಅಷ್ಟೇ. ಕಾಕಾ ಅವರ ಮಾತೆಂದರೆ ಓಣಿಯಲ್ಲಿ ಕಲ್ಲಿನ ಮೇಲಿನ ಗೆರೆ. ಒಂದು ಕೊಕ್ಕಿನ ಉದ್ದ ಹೆಚ್ಚು ಕಡಿಮೆಯಾದರೂ ಸಹಿಸದ ಮನುಷ್ಯ, ಅವರು ನೋಡಿದ್ದೇನೆ ಎಂದ ಮೇಲೆ ಇನ್ನೇನು! ಆಯಿ ಹಕ್ಕಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ‘ಎಷ್ಟ ಛಂದ ಐತಲ್ಲ’ ಎಂದಳು. ನಾನು ಓಡಿ ಹೋಗಿ ಮಾಬೂಬಿಯನ್ನು ತಬ್ಬಿಕೊಂಡು, ಇಬ್ಬರೂ ಹಿಂಜಿದ ಹತ್ತಿಯ ರಾಶಿಯ ಮೇಲೆ ಬಿದ್ದು ಹೊರಳಾಡಿದೆವು. ಅರ್ಧ ದಿನದ ಕೆಲಸ ಹಾಳಾಯಿತು, ಕಾಕಾ ಬಂದು ಮತ್ತೆ ಬಿಲ್ಲು ಹಿಡಿದರು.

ಮರುದಿನದ ಸಂಭ್ರಮವನ್ನು ಏನೆಂದು ಹೇಳಲಿ. ಕುದಿಸಿದ ಗುಗ್ಗರಿಯ ವಾಸನೆ, ಹೆಂಗಸರ ಜೋಗುಳ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ತೊಟ್ಟಿಲ ಮೇಲೆ ಓಣಿಯ ಹಕ್ಕಿಗಳೆಲ್ಲ ಸುತ್ತಲೂ, ನಟ್ಟನಡುವೆ ನನ್ನದು, ಕಾಲಿಲ್ಲದ್ದು. ತೊಟ್ಟಿಲು ತೂಗಿದಾಗ ಉಳಿದವು ಸುಮ್ಮನೆ ಗಿರಗಿರ ತಿರುಗಿದವು, ನನ್ನದರ ಬಾಲ ಮಾತ್ರ ತಡವಾಗಿ ಹಿಂದೆ ಹಿಂದೆ ಹೋಯಿತು, ಥೇಟು ಆ ದಿನದ ಹಾಗೆಯೇ. ಕೂಸು ಸಿಟ್ಟು ಬಿಟ್ಟು ಅದನ್ನೇ ಕಣ್ಣರಳಿಸಿ ನೋಡಿತು. ಹದಿಮೂರು ದಿನದ ಕೂಸಿಗೆ ಏನು ಕಾಣುತ್ತದೆ ಎಂದು ಈಗಿನ ಡಾಕ್ಟರರು ನಗಬಹುದು, ನಗಲಿ. ಅಕ್ಕ ನನ್ನ ಕೈಯನ್ನು ತೊಟ್ಟಿಲ ಹಗ್ಗಕ್ಕೆ ಹಿಡಿಸಿ, ‘ತೂಗು’ ಎಂದಳು. ಅಂದಿನಿಂದ ಆ ಕೂಸಿನ ಮೇಲೆ ನನಗೆ ಒಂದು ದಿನವೂ ಹೊಟ್ಟೆಕಿಚ್ಚಾಗಲಿಲ್ಲ.

ನಾನೂ ಮದುವೆಯಾಗಿ ಗದಗಕ್ಕೆ ಹೋದೆ. ಆಯಿ ತೀರಿಕೊಂಡಳು. ನನ್ನ ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಯುದ್ಧದ ಕಾಲ, ಸೀಮೆಎಣ್ಣೆಗೂ ಸಾಲು ನಿಲ್ಲಬೇಕು. ಓಣಿಯಲ್ಲಿ ಕೆಲವು ಮನೆಗಳಿಗೆ ಬೀಗ ಬಿದ್ದಿತ್ತು. ಕಾಕಾ ಬಿಲ್ಲನ್ನು ಗೋಡೆಗೆ ತೂಗುಹಾಕಿಬಿಟ್ಟಿದ್ದರು, ಎತ್ತಲು ತೋಳಿನಲ್ಲಿ ಶಕ್ತಿಯಿರಲಿಲ್ಲ. ಒಂದು ಬೆಳಿಗ್ಗೆ ಮಾಬೂಬಿಯ ಹೆಗಲು ಹಿಡಿದುಕೊಂಡು ನನ್ನ ಕೂಸನ್ನು ನೋಡಲು ಬಂದರು. ಕೂದಲು ಈಗ ಧೂಳಿಲ್ಲದೆಯೂ ಬೆಳ್ಳಗಿತ್ತು. ಚಹಾ ಕುಡಿಯುತ್ತ ಅದೂ ಇದೂ ಮಾತಾಡಿದೆವು. ನಾನು ಕೇಳಿದೆ, ‘ಕಾಕಾ, ಆವತ್ತು ಆ ಬಿಳಿ ಹಕ್ಕಿನ ನೀವು ಯಾವಾಗ ನೋಡಿದ್ರಿ? ನಾ ನೋಡೂಕಿಂತ ಮೊದಲ, ಆಮ್ಯಾಲೆ?’

ಅವರು ಬಸಿಯನ್ನು ಕೆಳಗಿಟ್ಟು ನಕ್ಕರು. ‘ನಾ ಎಲ್ಲಿ ನೋಡೇನವ್ವಾ? ಹುಟ್ಟಿದಾಗಿನಿಂದ ಅಂಥಾ ಹಕ್ಕಿ ನಾ ನೋಡೇ ಇಲ್ಲ.’

ಮಾಬೂಬಿಗೂ ಇದು ಹೊಸದು, ಅಪ್ಪನ ಮುಖವನ್ನೇ ನೋಡುತ್ತ ಕುಳಿತಳು.

‘ಕಾಲು ನೋಡಿಲ್ಲ ಅಂದಿಯಲ್ಲ, ಆವಾಗ ತಿಳೀತು’ ಎಂದರು ಕಾಕಾ. ‘ಸುಳ್ಳ ಹೇಳಾವ್ರಿಗೆ ಎಲ್ಲಾ ಗೊತ್ತಿರತೈತಿ. ಅವರ ಹಕ್ಕಿಗೆ ಕಾಲೂ ಇರತಾವ, ಉಗುರೂ ಇರತಾವ. ಆಯಿ ಮುಂದ ಸುಳ್ಳ ಹೇಳಿದೆ, ಅದೊಂದ ಮನಸಿನ್ಯಾಗ ಉಳದೈತಿ. ಪುಣ್ಯಾತಗಿತ್ತಿ, ನನ್ನ ಮಾತಿಗೆ ಎಂದೂ ಸಾಕ್ಷಿ ಕೇಳಿದಾಕಿ ಅಲ್ಲ.’ ಬಸಿಯನ್ನು ಪಕ್ಕಕ್ಕೆ ಸರಿಸಿ, ‘ಹೆಂಗಿತ್ತವ್ವಾ ಅದು? ಈಗರೆ ಹೇಳು’ ಎಂದು ಕಣ್ಣು ಮುಚ್ಚಿದರು.

ಹೇಳಿದೆ. ಬೇವಿನ ಕೊಂಬೆಯಿಂದ ಹಿಡಿದು, ನೀರಿಗೆ ಎದೆ ತಾಗಿಸಿದ್ದು, ಹನಿ ಚಿಮ್ಮಿದ್ದು, ಬಾಲ ತಡವಾಗಿ ಹೋದದ್ದು, ಬೆರಳು ಸುಟ್ಟದ್ದು, ಒಂದನ್ನೂ ಬಿಡದೆ ಹೇಳಿದೆ. ಅವರು ನಡುನಡುವೆ ಹಳೆಯ ಹಾಗೆಯೇ ಕೇಳುತ್ತಿದ್ದರು: ಎಡಕ್ಕ ಹಾರಿತೋ, ಬಲಕ್ಕೋ? ದನಿ ಹೆಂಗ? ಎಲ್ಲ ಮುಗಿದ ಮೇಲೆ ಕಣ್ಣು ತೆರೆದು, ‘ಆತು ಬಿಡು. ಈಗ ನಾನೂ ನೋಡಿದೆ. ಆಯಿ ಮುಂದ ಆಡಿದ ಮಾತು ಇವತ್ತಿಗೆ ಖರೇ ಆತು’ ಎಂದು ನನ್ನ ಕೂಸಿನ ತಲೆ ಮುಟ್ಟಿ ಎದ್ದರು.

ಆ ಮಳೆಗಾಲದಲ್ಲಿ ಕಾಕಾ ತೀರಿಕೊಂಡರೆಂದು ಗದಗಕ್ಕೆ ಕಾಗದ ಬಂತು. ಬೇವಿನ ಮರವನ್ನು, ಡೋಣಿಯನ್ನು, ಕೊನೆಗೆ ಓಣಿಯನ್ನೇ ಒಂದೊಂದಾಗಿ ತೆಗೆದರು. ಅಲ್ಲಿ ಈಗ ಅಂಗಡಿಗಳ ಸಾಲಿದೆ. ಆ ಹಕ್ಕಿಗೆ ರಾಜಹಕ್ಕಿ ಎಂದು ಹೆಸರೆಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಮೊಮ್ಮಗನ ಪುಸ್ತಕದಿಂದ. ಚಿತ್ರ ತೋರಿಸಿದರೆ ಈಗ ಎಲ್ಲರೂ ನಂಬುತ್ತಾರೆ. ಆಗ ನನ್ನ ಬಳಿ ತೋರಿಸಲು ಏನೂ ಇರಲಿಲ್ಲ, ಒಂದು ಹಿಡಿ ಹತ್ತಿಯ ಹೊರತು, ಮತ್ತು ನೋಡದೆಯೇ ನಂಬಿದವರು ಕಾಕಾ ಒಬ್ಬರೇ.